ಮೂತಿಯ ಭಾರ

ಮಾರ್ಚ್ 18, 2018
ಕಾಟನ್‌ವುಡ್ ಫ್ಲ್ಯಾಟ್, ಮೊಂಟಾನಾ

ವೆಂಡೆಲ್ ಅಣ್ಣಾ,

ನೀನು ಕಳಿಸಿದ ಬಣ್ಣದ ಪುಸ್ತಿಕೆ ಬಂತು. ವಯಸ್ಸಾದವರಿಗಾಗಿಯೇ ಕಟ್ಟಿದ ಮನೆಗಳಂತೆ. ಹೂಕುಂಡ, ವಾರಕ್ಕೆರಡು ದಿನ ಬಿಂಗೊ ಆಟ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ. ಜೊತೆಗೆ ನಿನ್ನ ಎರಡು ಸಾಲು: "ಹದಿನೈದನೇ ನಂಬರ್ ಖಾಲಿ ಇದೆ. ಯೋಚನೆ ಮಾಡು." ಮಾಡಿದೆ. ಒಲೆ ಹೊತ್ತಿಸೋಕೆ ತಗೊಂಡೆ. ನುಣುಪು ಕಾಗದ, ನೆಟ್ಟಗೆ ಉರೀಲೂ ಇಲ್ಲ.

ಫೋನಲ್ಲೇ ಬೈಯೋಣ ಅಂದ್ರೆ ನಿನ್ನ ಕಿವಿನ ಮೂವತ್ತು ವರ್ಷ ದನದ ಲಾರಿಯ ಇಂಜಿನ್ನಿಗೆ ಕೊಟ್ಟು ಬಂದಿದೀಯ. "ಏನು? ಏನು?" ಅಂತ ಕೂಗಿ ಇಟ್ಟುಬಿಡ್ತೀಯ. ಕಾಗದದಲ್ಲಾದ್ರೆ ನೀನು ಮಧ್ಯೆ ಬಾಯಿ ಹಾಕೋ ಹಾಗಿಲ್ಲ, ಅದೇ ಸುಖ.

ಈಗ ನನ್ನ ಸುದ್ದಿ ಕೇಳು. ನನ್ನ ಗಂಡ ಓರಿನ್ ತೀರಿಹೋಗಿ ಹದಿನಾಲ್ಕು ತಿಂಗಳಾಯ್ತು. ಈ ಮನೆ ಅವನು ದುಡೀತಿದ್ದ ಫಾರ್ಮಿನವರದ್ದು, ಹೊಸ ಮೇಸ್ತ್ರಿಗೆ ಬೇಕಂತೆ, ಮೇ ಒಂದಕ್ಕೆ ಬಿಡಬೇಕು. ಹೆಣ್ಣು ಬೀದಿಗೆ ಬಿದ್ಲು ಅಂತ ಅಂದ್ಕೋಬೇಡ. ಪೆಲಿಕನ್ ಸರೋವರದ ಕ್ಯಾಂಪಿನಲ್ಲಿ ಮೇಲ್ವಿಚಾರಕಿ ಕೆಲಸ ಸಿಕ್ಕಿದೆ. ಬಂದವರಿಗೆ ಜಾಗ ತೋರಿಸೋದು, ಸೌದೆ ಮಾರೋದು, ಬೆಂಕಿಗುಂಡಿಯ ಬೂದಿ ಬಳಿಯೋದು. ಸೆಪ್ಟೆಂಬರ್ ಕೊನೆವರೆಗೆ ಒಂದನೇ ಜಾಗ ನನ್ನದು, ನೀರು ಕರೆಂಟು ಅವರದ್ದು. ಒಂದೇ ಷರತ್ತು: ಇರೋ ಮನೆ ನಾವೇ ಎಳ್ಕೊಂಡು ಬರಬೇಕು. ಮೇ ಹದಿನೈದರ ಮಧ್ಯಾಹ್ನ ಹನ್ನೆರಡರೊಳಗೆ ಹೋಗದಿದ್ರೆ ಪಟ್ಟಿಯಲ್ಲಿ ಮುಂದಿನವರನ್ನ ಕರೀತಾರೆ.

ಮನೆ ಇದೆಯಲ್ಲ, ಗಾಲಿ ಮೇಲಿರೋ ನಮ್ಮ ಇಪ್ಪತ್ತೊಂದು ಅಡಿ ಟ್ರೇಲರ್. ಎಳೆಯೋಕೆ ಓರಿನ್‌ನ ದೊಡ್ಡ ಡೀಸೆಲ್ ಗಾಡಿ ಇಲ್ಲ ನಿಜ. ಅದನ್ನ ಹತ್ತೋಕೆ ನನಗೆ ಏಣಿ ಬೇಕಿತ್ತು, ಮಾರಿದೆ. ಅದರ ಬದಲು ಮಧ್ಯಮ ಗಾತ್ರದ ಪಿಕಪ್ ತಗೊಂಡೆ. ಅಂಗಡಿ ಮುಂದೆ ಕೂತಿರೋ ಗಂಡಸರೆಲ್ಲ ಹಲ್ಲು ಕಿಸಿದ್ರು. ಕಿಸೀಲಿ. ಇದು ಏಳು ಸಾವಿರ ಪೌಂಡು ಎಳೆಯುತ್ತೆ, ಟ್ರೇಲರ್ ಇರೋದು ನಾಲ್ಕು ಸಾವಿರದ ಏಳುನೂರು. ಇಪ್ಪತ್ತೆಂಟು ವರ್ಷ ಸ್ಕೂಲ್ ಬಸ್ಸು ಓಡಿಸಿದೀನಿ ಕಣೋ. ಹಿಮದಲ್ಲಿ, ಜಲ್ಲಿ ರಸ್ತೆಯಲ್ಲಿ, ಹಿಂದೆ ನಲವತ್ತು ಮಕ್ಕಳು ಕಿರುಚ್ತಾ ಇರೋವಾಗ. ಈ ಟ್ರೇಲರ್ ಬಾಯಿ ತೆಗೆಯಲ್ಲ, ಅಷ್ಟೇ ಸಾಕು.

ನಿನ್ನ ತಂಗಿ
ಅರ್ಡಿಸ್


ಮಾರ್ಚ್ 28
ಅರಿಜೋನಾ

ಅರ್ಡಿಸ್,

ತಲೆ ಕೆಟ್ಟಿದೆಯಾ ನಿನಗೆ?

ಏಳು ಸಾವಿರ ಅನ್ನೋದು ಮಾರೋನು ಹೇಳೋ ಅಂಕಿ. ಎಳೆಯೋದು ದೊಡ್ಡದಲ್ಲ. ಹೊರೋಕಾಗುತ್ತಾ ಅನ್ನೋದು ಮಾತು. ಡ್ರೈವರ್ ಬಾಗಿಲು ತೆಗಿ. ಕಂಬದ ಮೇಲೆ ಒಂದು ಚೀಟಿ ಅಂಟಿಸಿದಾರೆ. ಅದರ ಅಂಕಿ ಓದು. ನೀನು, ನಿನ್ನ ನಾಯಿ, ಪಿಕಪ್ಪಿನ ಹಿಂದಿನ ಡಬ್ಬಿಯಲ್ಲಿ ತುಂಬಿದ್ದು, ಟ್ರೇಲರ್ ಸಿಕ್ಕಿಸೋ ಕೊಂಡಿ, ಅದರ ಮೇಲೆ ಕೂರೋ ಟ್ರೇಲರ್ ಮೂತಿಯ ಭಾರ, ಎಲ್ಲ ಸೇರಿ ಆ ಅಂಕಿ ಮೀರಬಾರದು. ಮೀರುತ್ತೆ. ನೋಡ್ತಾ ಇರು.

ಹೊರಡಬೇಡ. ಮೇ ಹತ್ತಕ್ಕೆ ನನ್ನ ಡೀಸೆಲ್ ಗಾಡಿ ತಗೊಂಡು ಬರ್ತೀನಿ. ನಾನು ಎಳೀತೀನಿ. ನೀನು ಪಕ್ಕದಲ್ಲಿ ಕೂತ್ಕೋ.

ಇನ್ನೊಂದು. ಯಾವಾಗಲಾದರೂ ಟ್ರೇಲರ್ ಅತ್ತಿತ್ತ ಬಾಲ ಆಡಿಸಿದರೆ ಕಾಲು ಬ್ರೇಕಿನ ಮೇಲೆ ಬೇಡ. ಸ್ಟೀರಿಂಗ್ ಪಕ್ಕ ಟ್ರೇಲರ್ ಬ್ರೇಕಿನ ಪುಟ್ಟ ಹಿಡಿ ಇರುತ್ತೆ. ಅದನ್ನ ಮಾತ್ರ ಕೈಯಲ್ಲಿ ಒತ್ತು. ಕಾಲು ಬೇಡ.

ವೆಂಡೆಲ್


ಏಪ್ರಿಲ್ 8
ಕಾಟನ್‌ವುಡ್ ಫ್ಲ್ಯಾಟ್

ಡ್ರೈವರ್ ಸಾಹೇಬರಿಗೆ,

ಮೊದಲು ಒಂದು ಮಾತು. ದಪ್ಪ ಕರಿ ಪೆನ್ನಲ್ಲಿ, ಪುಟಕ್ಕೆ ಆರೇ ಸಾಲು ಬರೆದು ಕಿರುಚಬೇಡ. ನನಗೆ ಕಿವಿಯೂ ಇದೆ, ಕಣ್ಣೂ ಇದೆ. ಅಂಚೆ ಕಚೇರಿಯ ಹೆಂಗಸು ಲಕೋಟೆಯ ಹೊರಗಿಂದಲೇ ನಿನ್ನ ಬೈಗುಳ ಓದಿಬಿಟ್ಟಳು.

ಬಾಗಿಲು ತೆಗೆದೆ, ಚೀಟಿ ಓದಿದೆ. ಸಾವಿರದ ನೂರ ಐವತ್ತು. ಸರಿ ಅಂತ ಮೂತಿನ ತೂಗಿದೆ. ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ, ಮೂತಿ ಇಟ್ಟಿಗೆಯಿಂದ ಮೂರನೇ ಒಂದು ಪಾಲು ದೂರದಲ್ಲಿ. ಯಂತ್ರ ತೋರಿಸಿದ್ದರ ಮೂರರಷ್ಟು ಲೆಕ್ಕ. ಆರುನೂರ ಹತ್ತು ಬಂತು. ಅದಕ್ಕೆ ನಾನು, ನಾಯಿ ಸ್ಪಡ್, ಕೊಂಡಿ, ಪಿಕಪ್ ಡಬ್ಬಿಯ ಮೇಲಿನ ಮುಚ್ಚಳ, ಓರಿನ್‌ನ ಉಪಕರಣದ ಪೆಟ್ಟಿಗೆ ಸೇರಿಸಿದೆ. ಸಾವಿರದ ಇನ್ನೂರ ಇಪ್ಪತ್ತು. ಎಪ್ಪತ್ತು ಪೌಂಡು ಜಾಸ್ತಿ. ಹೊಟ್ಟೆ ತಣ್ಣಗಾಯ್ತಾ?

ಬಹಳ ಹೊತ್ತು ತಣ್ಣಗಿರಲ್ಲ, ತಾಳು. ಎರಡು ದಿನ ಕೂತು ಎಲ್ಲಾನೂ ಹಿಂದಕ್ಕೆ ಸಾಗಿಸಿದೆ. ಓರಿನ್‌ನ ಪೆಟ್ಟಿಗೆ ಟ್ರೇಲರಿನ ಹಿಂದಿನ ಮೂಲೆಗೆ. ಕಬ್ಬಿಣದ ಬಾಣಲೆಗಳೂ ಅಲ್ಲಿಗೇ. ಕರೆಂಟು ಮಾಡೋ ಯಂತ್ರನ ಹಿಂಬದಿಯ ಬಂಪರಿಗೆ ಬಿಗಿದೆ. ನೀರಿನ ತೊಟ್ಟಿ ಇರೋದು ಹಿಂದೆ, ಅದನ್ನ ಬಾಯಿಮಟ್ಟ ತುಂಬಿಸಿದೆ. ಮತ್ತೆ ತೂಗಿದ್ರೆ ಮೂತಿ ಮುನ್ನೂರ ನಲವತ್ತಕ್ಕೆ ಇಳಿದಿತ್ತು! ನಿನ್ನ ಚೀಟಿಯಲ್ಲಿ ಇನ್ನೂ ಮುನ್ನೂರ ನಲವತ್ತು ಪೌಂಡು ಉಳೀತು. ಹೇಳು ಈಗ, ಏನು ಹೇಳ್ತೀಯ?

ಮೇ ಹತ್ತಕ್ಕೆ ಬರೋ ಶ್ರಮ ಬೇಡ. ಇಪ್ಪತ್ತೆಂಟು ವರ್ಷ ಊರಿನ ಮಕ್ಕಳನ್ನ ನನ್ನ ಕೈಗೆ ಒಪ್ಪಿಸಿದ್ರು. ನೀನು ಮಾತ್ರ ಇವತ್ತಿಗೂ ನನ್ನನ್ನ ಪಕ್ಕದ ಸೀಟಲ್ಲಿ ಕೂರಿಸೋಕೆ ನೋಡ್ತೀಯ. ನನಗೆ ಸಿಟ್ಟು ಬರುತ್ತೆ ವೆಂಡೆಲ್, ನಿಜವಾದ ಸಿಟ್ಟು. ತಮಾಷೆ ಅಲ್ಲ.

ಅರ್ಡಿಸ್


ಏಪ್ರಿಲ್ 20
ಅರಿಜೋನಾ

ಅರ್ಡಿಸ್,

ನಿನ್ನ ಕಾಗದ ಒಂದು ವಾರ ಮೇಜಿನ ಮೇಲೇ ಇತ್ತು. ಬೇರೆ ಕೆಲಸವಿತ್ತು. ಇವತ್ತು ತಿಳೀತು.

ಮಾಡಿದ್ದನ್ನೆಲ್ಲ ಬಿಚ್ಚು. ಇವತ್ತೇ. ಬಾಲ ಭಾರವಾದ ಟ್ರೇಲರ್ ಕೈಗೆ ಸಿಕ್ಕಲ್ಲ. ಮೂತಿ ಹಗುರ ಮಾಡಿ ಚೀಟಿಗೆ ಲೆಕ್ಕ ಒಪ್ಪಿಸಿದೀಯ, ಗಾಳಿಗೆ ಯಾವ ಲೆಕ್ಕ ಒಪ್ಪಿಸ್ತೀಯ? ಭಾರ ಗಾಲಿಗಳಿಗಿಂತ ಮುಂದೆ ಇರಬೇಕು. ಟ್ರೇಲರ್ ತೂಕದ ಎಂಟನೇ ಒಂದು ಪಾಲು ಮೂತಿ ಮೇಲೆ ಕೂರಬೇಕು. ನೀರು ಚೆಲ್ಲು. ಬಂಪರ್ ಮೇಲಿನ ಯಂತ್ರ ಕಿತ್ತು ಹಾಕು. ಚೀಟಿ ಮೀರಿದರೆ ಸಾಮಾನು ಬಿಟ್ಟು ಹೋಗಬೇಕು, ಹಿಂದಕ್ಕೆ ತಳ್ಳೋದಲ್ಲ.

ಇದು ಸಿಗೋವರೆಗೆ ಗಾಡಿ ಅಂಗಳದಿಂದ ಆಚೆ ಹೋಗಬಾರದು. ಕೈ ಮುಗೀತೀನಿ ಕಣೇ.

ವೆಂಡೆಲ್


ಏಪ್ರಿಲ್ 27
ಹ್ಯಾಸ್ಕೆಲ್ ಕೂಲಿ, ಮೊಂಟಾನಾ

ವೆಂಡೆಲ್,

ಊರ ಹೆಸರು ನೋಡಿ ಹುಬ್ಬೇರಿಸಿದ್ಯಾ? ಇಪ್ಪತ್ತೆರಡಕ್ಕೇ ಹೊರಟುಬಿಟ್ಟೆ. ನೀನು ಬಂದು ಕೀಲಿಕೈ ಕಿತ್ಕೊಳ್ಳೋಕೆ ಮುಂಚೆ ಹೋಗಿಬಿಡೋಣ ಅಂತ ಮೊದಲೇ ಗಟ್ಟಿ ಮಾಡಿದ್ದೆ, ನಿನಗೆ ಬರೀಲಿಲ್ಲ ಅಷ್ಟೇ.

ಎಲ್ಲ ಚೆನ್ನಾಗಿದೆ. ಗಾಡಿ ಚೆನ್ನಾಗಿ ಎಳೆಯುತ್ತೆ. ದಾರಿ ಚೆನ್ನಾಗಿತ್ತು. ಸ್ಪಡ್ ಚೆನ್ನಾಗಿದಾನೆ. ಈ ಊರಲ್ಲಿ ಲಾವೊನ್ ಅಂತ ಒಬ್ಬಾಕೆಯ ಹೋಟೆಲಿದೆ, ಅವಳ ರುಬಾರ್ಬ್ ದಂಟಿನ ಸಿಹಿ ಪೈ ತಿಂದೆ, ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ. ನಾಲ್ಕು ದಿನ ಇದ್ದುಬಿಡೋಣ ಅನ್ನಿಸ್ತು. ಆತುರ ಏನಿದೆ?

ಅಕ್ಷರ ಸೊಟ್ಟ ಬಂದಿದೆ ಅಂತ ಹಂಗಿಸಬೇಡ. ಸ್ಟೀರಿಂಗ್ ಹಿಡಿದೂ ಹಿಡಿದೂ ಬೆರಳು ಮರಗಟ್ಟಿದೆ. ಬರೆಯೋದಿದ್ರೆ ಲಾವೊನ್ ಹೋಟೆಲಿನ ವಿಳಾಸಕ್ಕೆ ಬರಿ.

ಅರ್ಡಿಸ್


ಮೇ 2
ಅರಿಜೋನಾ

ಅರ್ಡಿಸ್,

ನಾನು ಇಪ್ಪತ್ತನೇ ತಾರೀಕು ಬರೆದದ್ದು ನಿನಗೆ ಸಿಕ್ಕಿಲ್ಲ ಅಂತಾಯ್ತು.

ಹ್ಯಾಸ್ಕೆಲ್ ಕೂಲಿ ನನಗೆ ಗೊತ್ತು. ದನ ತುಂಬ್ಕೊಂಡು ನೂರು ಸಲ ಹೋಗಿದೀನಿ. ಅಲ್ಲಿ ಪೈಗೋಸ್ಕರ ನಾಲ್ಕು ದಿನ ಯಾರೂ ನಿಲ್ಲಲ್ಲ. ಊರು ಇನ್ನೂ ಆರು ಮೈಲಿ ಇರೋವಾಗ ಇಳಿಜಾರು ಶುರುವಾಗುತ್ತೆ. ಪಡುವಣ ಗಾಳಿ ಅಡ್ಡ ಹೊಡೆಯುತ್ತೆ. ಒಂದೇ ಕಾಗದದಲ್ಲಿ ನಾಲ್ಕು ಸಲ "ಚೆನ್ನಾಗಿದೆ" ಅಂದಿದೀಯ. ಬಾಲ ಆಡಿಸ್ತಲ್ಲ?

ನೀನಾಗಿ ಹೇಳಲ್ಲ. ಅದಕ್ಕೇ ನಾನೇ ಮೊದಲು ಹೇಳ್ತೀನಿ.

ನಿನ್ನ ಅತ್ತಿಗೆ ಮಾರ್ಲಿಸ್ ಸೊಂಟ ಮುರಿದದ್ದು ಮಂಜಿನ ಮೇಲೆ ಜಾರಿ ಅಲ್ಲ. ನಮ್ಮ ಟ್ರೇಲರ್ ಎಳ್ಕೊಂಡು ಇಳಿಜಾರಲ್ಲಿ ಬರ್ತಿದ್ದೆ. ದನದ ಲಾರಿ ಓಡಿಸಿದೋನು, ಈ ಆಟಿಕೆಗೆ ಯಾಕೆ ಲೆಕ್ಕ ಅಂತ ಹಿಂದೆ ಸಿಕ್ಕಾಪಟ್ಟೆ ತುಂಬಿದ್ದೆ. ಬಾಲ ಆಡಿಸ್ತು. ನಾನು ಬ್ರೇಕ್ ತುಳಿದೆ. ಎರಡೂ ಕಾಲಲ್ಲಿ. ಟ್ರೇಲರ್ ನಮ್ಮನ್ನ ಸುತ್ತಿಕೊಂಡು ಮಗುಚಿತು. "ಮಂಜಲ್ಲಿ ಜಾರಿದೆ ಅಂತ ಹೇಳೋಣ ಬಿಡು" ಅಂದವಳು ಅವಳೇ. ನನ್ನ ಮಾನ ಉಳಿಸೋಕೆ. ಸಾಯೋವರೆಗೂ ಹಾಗೇ ಹೇಳಿದಳು, ನಾನೂ ಹೇಳಿಸಿಕೊಂಡು ಕೂತಿದ್ದೆ. ಅವತ್ತಿಂದ ಯಾವ ಟ್ರೇಲರಿಗೂ ಕೊಂಡಿ ಹಾಕಿಲ್ಲ.

ನಿನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನನ್ನ ಕಾಲಿನ ನೆನಪಾಗುತ್ತೆ.

ಅಲ್ಲೇ ಇರು. ಮುಂದೆ ಹೋಗಬೇಡ. ಹದಿನೈದನೇ ನಂಬರ್ ಇನ್ನೂ ಖಾಲಿ ಇದೆ.

ವೆಂಡೆಲ್


ಮೇ 8
ಹ್ಯಾಸ್ಕೆಲ್ ಕೂಲಿ

ವೆಂಡೆಲ್,

ನಿನ್ನ ಕಾಗದನ ಲಾವೊನ್‌ಳ ಹೋಟೆಲಲ್ಲಿ ಮೂರು ಸಲ ಓದಿದೆ. ಪೈ ಹಾಗೇ ಉಳೀತು. ಮಾರ್ಲಿಸ್‌ಳನ್ನ ನೆನೆಸ್ಕೊಂಡು ಅತ್ತೆ, ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಅದನ್ನ ಒಬ್ಬನೇ ಹೊತ್ಕೊಂಡು ತಿರುಗಿದೆಯಲ್ಲೋ ಪುಣ್ಯಾತ್ಮ! ನನ್ನ ಹತ್ತಿರ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ಸರಿ, ನನ್ನದೂ ಕೇಳು. ಆ ಇಳಿಜಾರಿನಲ್ಲೇ. ಮಧ್ಯಾಹ್ನ ಎರಡು ಗಂಟೆ, ಬಿಸಿಲು. ಭಾರೀ ಲಾರಿಯೊಂದು ನನ್ನನ್ನ ದಾಟಿತು, ಅದರ ಗಾಳಿ ಟ್ರೇಲರನ್ನ ಮೊದಲು ನೂಕಿ ಆಮೇಲೆ ಎಳ್ಕೊಂತು. ಕನ್ನಡಿ ನೋಡ್ತೀನಿ, ನನ್ನ ಮನೆ ಎಡಗಡೆ ಕಾಣ್ತಿದೆ. ಮರುಕ್ಷಣ ಬಲಗಡೆ. ಮತ್ತೆ ಎಡಗಡೆ, ಇನ್ನೂ ಜಾಸ್ತಿ. ಹಿಂದಿನಿಂದ ಯಾರೋ ಪಿಕಪ್ಪಿನ ಕುತ್ತಿಗೆ ಹಿಡಿದು ಒದರಿದ ಹಾಗೆ. ಸ್ಪಡ್ ಸೀಟಿಂದ ಕೆಳಗೆ ಬಿದ್ದ.

ನನ್ನ ಕಾಲು ಬ್ರೇಕಿಗೆ ಹೋಗಿತ್ತು ವೆಂಡೆಲ್. ಇಪ್ಪತ್ತೆಂಟು ವರ್ಷದ ಬಸ್ಸಿನ ಕಾಲು, ಕೇಳದೇನೇ ಹೋಗುತ್ತೆ. ಇನ್ನೇನು ತುಳಿಬೇಕು, ಅಷ್ಟರಲ್ಲಿ ನಿನ್ನ ಆ ದಪ್ಪ ಕರಿ ಅಕ್ಷರ ಕಣ್ಣಿಗೆ ಕಟ್ಟಿತು. ಕಾಲು ಬೇಡ. ಪುಟದಗಲ, ಕಿರುಚಿಕೊಂಡು. ಕಾಲು ಎತ್ತಿದೆ. ಕೈಯಲ್ಲಿ ಹಿಡಿ ಒತ್ತಿದೆ. ಟ್ರೇಲರ್ ಇನ್ನೆರಡು ಸಲ ಒದ್ದಾಡಿ ಹಿಂದಕ್ಕೆ ಜಗ್ಗಿ ನೆಟ್ಟಗಾಯ್ತು. ರಸ್ತೆ ಪಕ್ಕ ಜಲ್ಲಿ ಮೇಲೆ ನಿಲ್ಲಿಸಿದೆ. ಬಂಪರ್ ಮೇಲಿನ ಯಂತ್ರ ಎಲ್ಲೋ ಬಿದ್ದು ಹೋಗಿತ್ತು, ಹಿಂದಿನ ಕಿಟಕಿ ಪುಡಿಪುಡಿ, ಒಂದು ಟೈರು ಸಿಡಿದಿತ್ತು. ಟೈರು ಬರೋಕೆ ನಾಲ್ಕು ದಿನ ಬೇಕಾಯ್ತು. ಅದೇ ನನ್ನ ರುಬಾರ್ಬ್ ಪೈ. ಟೈರು ಬಂದ ಮೇಲೂ ಹೊರಡಲಿಲ್ಲ. ಕೊಂಡಿಯ ಹತ್ತಿರ ಹೋಗಿ ಹೋಗಿ ವಾಪಸ್ ಬರ್ತಿದ್ದೆ.

ಅಲ್ಲೇ ಇರು, ಮುಂದೆ ಹೋಗಬೇಡ ಅಂತ ನೀನು ಬರೆದೆ ನೋಡು, ಅದನ್ನ ಓದಿದ ಮೇಲೆ ಎದ್ದು ಹೋಗಿ ಕೊಂಡಿ ಹಿಡಿದೆ. ನಾನು ನಿಲ್ಲಲ್ಲ. ನಿನಗೆ ಆದದ್ದು ನನಗೂ ಆಗಬೇಕು ಅಂತ ಎಲ್ಲಿದೆ? ನೀನು ತುಳಿದೆ, ನಾನು ತುಳೀಲಿಲ್ಲ. ತುಳಿಯದೇ ಇದ್ದದ್ದು ನಿನ್ನಿಂದ, ಒಪ್ಪಿದೆ. ಆದ್ರೆ ಕಾಲು ನನ್ನದು.

ಇವತ್ತು ಬೆಳಿಗ್ಗೆ ಇಲ್ಲಿನ ಧಾನ್ಯದ ಕಣಜಕ್ಕೆ ಹೋದೆ. ಗೋಧಿ ಲಾರಿ ತೂಗೋ ತಕ್ಕಡಿ ಇದೆ, ನೋಡ್ಕೊಳ್ಳೋನು ಬಡ್ ಕ್ರೂಗರ್ ಅಂತ ಒಬ್ಬ ಮುದುಕ. ಬಚ್ಚಲ ಯಂತ್ರದ ಕಥೆ ಹೇಳಿದ್ರೆ ಹೊಟ್ಟೆ ಹಿಡ್ಕೊಂಡು ನಕ್ಕ. "ಅಮ್ಮಾ, ತೂಗಿದ್ದು ಸರಿ, ತುಂಬಿದ್ದು ತಪ್ಪು. ಎಲ್ಲರೂ ಮಾಡೋದೇ. ಮೂತಿ ಭಾರ ಇದ್ರೇನೇ ಅದು ನಿಮ್ಮ ಮಾತು ಕೇಳೋದು" ಅಂದ. ಅಲ್ಲೇ ಬಿಚ್ಚಿದೆ ಎಲ್ಲಾನೂ. ನೀರು ಚೆಲ್ಲಿದೆ. ಬಾಣಲೆಗಳು ಲಾವೊನ್‌ಗೆ. ಪಿಕಪ್ಪಿನ ಮುಚ್ಚಳ ಕಳಚಿ ಬಡ್‌ನ ಕೊಟ್ಟಿಗೆಗೆ ಹಾಕಿಸಿದೆ.

ಕೊನೆಗೆ ಓರಿನ್‌ನ ಪೆಟ್ಟಿಗೆ. ನೂರ ನಲವತ್ತು ಪೌಂಡು. ಅದರಲ್ಲಿ ಅರ್ಧದ ಹೆಸರೂ ನನಗೆ ಗೊತ್ತಿಲ್ಲ. ಅದನ್ನ ಬಿಟ್ಟು ಹೋದ್ರೆ ಅವನನ್ನೇ ಬಿಟ್ಟು ಹೋದ ಹಾಗೆ ಅಂತ ಹಟ ಹಿಡಿದು ಹಿಂದಿನ ಮೂಲೆಗೆ ತುರುಕಿದ್ದೆ, ಅದೇ ನನ್ನನ್ನ ಕೊಲ್ಲೋಕೆ ಬಂತು. ಮುಚ್ಚಳ ತೆಗೆದು ಒಂದು ಸುತ್ತಿಗೆ ತಗೊಂಡೆ. ಹಿಡಿ ಮೇಲೆ ಅವನ ಹಲ್ಲಿನ ಗುರುತಿದೆ, ಎರಡೂ ಕೈ ಬೇಕಾದಾಗ ಬಾಯಲ್ಲಿ ಕಚ್ಚಿಕೊಳ್ತಿದ್ದ. ಉಳಿದದ್ದು ಬಡ್‌ನ ಹತ್ತಿರ ಇರುತ್ತೆ. ಓರಿನ್ ಬೈದ್ರೆ ಬೈಯಲಿ.

ನಾಳೆ ಹೊರಡ್ತೀನಿ. ತಡೀಬೇಡ.

ಇನ್ನೊಂದು ವಿಷಯ. ಲಕೋಟೆ ಮೇಲೆ ವಿಳಾಸ ಯಾರದ್ದೋ ಕೈಬರಹದಲ್ಲಿದೆ. ಕಳಿಸಿದವರ ಜಾಗದಲ್ಲಿ ಹದಿನಾಲ್ಕನೇ ನಂಬರ್ ಅಂತಿದೆ. ಬೀದಿಯ ಹೆಸರು ಒಲೆಗೆ ಹಾಕಿದ ಪುಸ್ತಿಕೆಯಲ್ಲಿ ಇದ್ದದ್ದೇ. ನಾನು ಬರೆಯೋದು ಯಾವಾಗಲೂ ನಿನ್ನ ಅಂಚೆಪೆಟ್ಟಿಗೆ ನಂಬರಿಗೆ, ಅದಕ್ಕೇ ಇದುವರೆಗೆ ಗಮನಿಸಿರಲಿಲ್ಲ. ನಿನ್ನ ಮನೆ ಎಲ್ಲಿ ವೆಂಡೆಲ್? ನಿನ್ನ ಡೀಸೆಲ್ ಗಾಡಿ ಎಲ್ಲಿ? ಈಗ ನೀನು ಹೇಳು ನಿಜ.

ಅರ್ಡಿಸ್


ಮೇ 13
ಅರಿಜೋನಾ

ಅರ್ಡಿಸ್,

ವಿಳಾಸ ಬರೆದದ್ದು ಇಲ್ಲಿನ ನರ್ಸ್. ಅಂಚೆಯವರಿಗೆ ನನ್ನ ಅಕ್ಷರ ದೊಡ್ಡದಾಗುತ್ತಂತೆ. ಚಿಕ್ಕದಾಗಿ ಬರೆದರೆ ನನಗೇ ಕಾಣಲ್ಲ. ಕಣ್ಣಿನ ನಡುವೆ ಒಂದು ಬೂದು ಚುಕ್ಕೆ ಕೂತಿದೆ, ಹೋಗಲ್ಲ ಅಂದಿದಾರೆ. ನಿನ್ನ ಕಾಗದಗಳನ್ನೂ ಅವಳೇ ಓದಿ ಹೇಳ್ತಾಳೆ. ಏಪ್ರಿಲಲ್ಲಿ ಅವಳು ಒಂದು ವಾರ ರಜೆಯಲ್ಲಿದ್ದಳು. ಆ ವಾರ ನಿನ್ನ ಕಾಗದ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಆ ವಾರಕ್ಕೆ ನನ್ನನ್ನ ಕ್ಷಮಿಸು.

ಲೈಸೆನ್ಸ್ ಹೋದ ವರ್ಷವೇ ಹೋಯ್ತು. ಗಾಡಿ ಮಾರಿದೆ. ಮನೆಯೂ. ಮೇ ಹತ್ತಕ್ಕೆ ಬಸ್ಸಲ್ಲಿ ಬರೋ ಯೋಚನೆ ಇತ್ತು. ಗಾಡಿ ದಾರಿಯಲ್ಲಿ ಕೆಡ್ತು ಅಂತ ಸುಳ್ಳು ಹೇಳಿ ನಿನ್ನ ಪಕ್ಕದ ಸೀಟಲ್ಲಿ ಕೂರಬೇಕು ಅಂತ.

ಹದಿನೈದನೇ ನಂಬರ್ ನನ್ನ ಗೋಡೆಯಾಚೆ ಇದೆ. ನಿನ್ನನ್ನ ಮೂಲೆಗೆ ಕೂರಿಸೋಕೆ ಅಲ್ಲ ಕೇಳಿದ್ದು. ಇಲ್ಲಿ ನನ್ನನ್ನ ಬೈಯೋರು ಯಾರೂ ಇಲ್ಲ. ಎಲ್ಲ ಬಹಳ ಮರ್ಯಾದೆಯಿಂದ ಮಾತಾಡಿಸ್ತಾರೆ. ಸಾಕಾಗಿದೆ.

ತಲುಪಿದ್ಯಾ? ಅದಷ್ಟು ಬರಿ.

ವೆಂಡೆಲ್


ಮೇ 18
ಪೆಲಿಕನ್ ಸರೋವರ, ಒಂದನೇ ಜಾಗ

ವೆಂಡೆಲ್ ಅಣ್ಣಾ,

ತಲುಪಿದೆ. ಹದಿಮೂರನೇ ತಾರೀಕು, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಗಡುವಿಗೆ ಇನ್ನೂ ಎರಡು ದಿನ ಇತ್ತು. ಬಡ್‌ನ ತಕ್ಕಡಿ ಮೇಲೆ ಇನ್ನೊಂದು ಸಲ ತೂಗಿಸಿಕೊಂಡೇ ಹೊರಟೆ: ಟ್ರೇಲರ್ ನಾಲ್ಕು ಸಾವಿರದ ಆರುನೂರು, ಮೂತಿ ಐನೂರ ಎಪ್ಪತ್ತು. ಮುಂದಿನ ಘಾಟಿ ದಾಟಿದ ಮೇಲೆ ಗಾಳಿ ಅವತ್ತಿಗಿಂತ ಜೋರಾಗಿತ್ತು. ಲಾರಿಗಳು ದಾಟಿದವು. ಟ್ರೇಲರ್ ಒಂದು ಸಲ ಭುಜ ಕುಣಿಸಿ ಸುಮ್ಮನೆ ಹಿಂದೆ ಬಂತು. ನಾನು ದಾರಿಯುದ್ದಕ್ಕೂ ಹಾಡಿದೆ, ಸ್ಪಡ್ ಬಾಗಿಲ ಕಡೆ ಮುಖ ತಿರುಗಿಸಿ ಕೂತಿದ್ದ.

ಇಲ್ಲಿನ ರೇಂಜರ್ ನನ್ನ ಪಿಕಪ್ ನೋಡಿ, ಟ್ರೇಲರ್ ನೋಡಿ, "ಇದರಲ್ಲೇನಾ ಎಳ್ಕೊಂಡು ಬಂದ್ರಿ?" ಅಂದ. "ಬಾಗಿಲು ತೆಗೆದು ಚೀಟಿ ಓದಪ್ಪಾ" ಅಂದೆ. ಆಮೇಲೆ ಟ್ರೇಲರನ್ನ ಎರಡು ಮರದ ನಡುವೆ ಒಂದೇ ಸಲಕ್ಕೆ ಹಿಮ್ಮುಖ ತಗೊಂಡು ಹಾಕಿದೆ. ಅವನು ಬೋರ್ಡು ತರೋಕೆ ಹೋದ. ಓರಿನ್‌ನ ಸುತ್ತಿಗೆ ತಗೊಂಡು ಮೇಲ್ವಿಚಾರಕಿಯ ಬೋರ್ಡನ್ನ ನಾನೇ ಹೊಡೆದೆ.

ನಿನ್ನೆ ಎರಡು ಕಾಗದ ಒಟ್ಟಿಗೆ ಬಂದವು. ಒಂದು ನಿನ್ನ ಹದಿಮೂರರದ್ದು. ಇನ್ನೊಂದು ಇಪ್ಪತ್ತನೇ ಏಪ್ರಿಲಿನದು, ಊರೂರು ಸುತ್ತಿ ಮುದ್ರೆ ಹೊಡೆಸಿಕೊಂಡು ಬಂದಿತ್ತು. "ಕೈ ಮುಗೀತೀನಿ ಕಣೇ" ಅಂತ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದೀಯ. ಅದನ್ನ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತು ಅತ್ತೆ. ನಿನಗೆ ಕಾಣಲ್ಲ ಅಂತ ಗೊತ್ತಿಲ್ಲದೆ ಕಿರುಚಬೇಡ ಅಂದೆನಲ್ಲ, ಆ ನಾಲಿಗೆಗೆ ಏನು ಮಾಡಲಿ? ಆ ವಾರಕ್ಕೆ ನೀನು ಕ್ಷಮೆ ಕೇಳಬೇಡ. ಹೇಳದೆ ಹೊರಟವಳು ನಾನು.

ಅಳೋದು ಮುಗೀತು. ಈಗ ಕೇಳು, ನರ್ಸಮ್ಮಾ, ನೀವೂ ಜೋರಾಗಿ ಓದಿ. ಹದಿನೈದನೇ ನಂಬರಿಗೆ ನಾನು ಬರಲ್ಲ. ಇವತ್ತೂ ಇಲ್ಲ, ಯಾವತ್ತೂ ಇಲ್ಲ. ನನ್ನ ಊಟದ ಮೇಜು ಮಡಚಿದ್ರೆ ಒಂದು ಹಾಸಿಗೆ ಆಗುತ್ತೆ, ಸ್ವಲ್ಪ ಗಿಡ್ಡ, ಕಾಲು ಮಡಚ್ಕೋಬೇಕು. ಸೌದೆ ಮಾರೋಕೆ ಕಣ್ಣು ಬೇಡ, ಒಂದು ಕಟ್ಟು ಎತ್ತಿದ್ರೆ ನಿನ್ನ ಕೈಗೇ ಗೊತ್ತಾಗುತ್ತೆ. ಬೈಯೋಕೆ ನಾನಿದೀನಿ, ದಿನಕ್ಕೆ ಮೂರು ಹೊತ್ತು. ಅಕ್ಟೋಬರಲ್ಲಿ ಮಂಜು ಬೀಳೋಕೆ ಮುಂಚೆ ದಕ್ಷಿಣಕ್ಕೆ ಹೊರಡ್ತೀನಿ. ಪಕ್ಕದ ಸೀಟು ಖಾಲಿ ಇದೆ, ಸ್ಪಡ್ ಹಿಂದೆ ಕೂರ್ತಾನೆ.

ಚೀಟಿ ಪ್ರಕಾರ ಇನ್ನೂರ ಎಂಬತ್ತು ಪೌಂಡು ಉಳಿದಿದೆ. ನೀನು ಎಷ್ಟು ತೂಗ್ತೀಯ? ಸುಳ್ಳು ಹೇಳಬೇಡ.

ಅರ್ಡಿಸ್


ಮೇ 24
ಅರಿಜೋನಾ

ಅರ್ಡಿಸ್,

ನೂರ ತೊಂಬತ್ತಾರು. ಬೂಟು ಸೇರಿ. ಬಟ್ಟೆ ಪೆಟ್ಟಿಗೆ ಮೂವತ್ತೊಂದು, ನರ್ಸ್ ಎರಡು ಸಲ ತೂಗಿದಳು. ಎರಡೂ ಸೇರಿ ಇನ್ನೂರ ಇಪ್ಪತ್ತೇಳು. ಇನ್ನೂ ಐವತ್ತಮೂರು ಮಿಕ್ಕುತ್ತೆ. ದಕ್ಷಿಣಕ್ಕೆ ಹೋಗೋವಾಗ ಬಡ್‌ನ ಹತ್ತಿರ ನಿಲ್ಲಿಸು. ಓರಿನ್‌ನ ಪೆಟ್ಟಿಗೆಯಿಂದ ಅಷ್ಟು ಎತ್ಕೊಳ್ಳೋಣ. ಯಾವುದಕ್ಕೆ ಯಾವ ಹೆಸರು ಅಂತ ಮುಟ್ಟಿ ಹೇಳ್ತೀನಿ.

ಹದಿನಾಲ್ಕನೇ ನಂಬರಿನ ಬೀಗದ ಕೈ ಇವತ್ತು ಕೊಟ್ಟೆ. ಬಸ್ಸು ಜೂನ್ ಏಳಕ್ಕೆ.

ಗಾಡಿ ಓಡಿಸ್ತೀನಿ ಅಂತ ಕೇಳಲ್ಲ. ಆದರೆ ಪಕ್ಕದ ಸೀಟಲ್ಲಿ ಬಾಯಿ ಮುಚ್ಕೊಂಡು ಕೂರ್ತೀನಿ ಅಂತ ನಾನು ಎಲ್ಲೂ ಬರೆದುಕೊಟ್ಟಿಲ್ಲ.

ವೆಂಡೆಲ್